ಹದಿನೇಳನೇ ಕಟ್ಟಿನ ಉಳಿದ ಹಾಳೆಗಳು

ಕಾರ್ಕಳದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆಂಟು ವರ್ಷ ಕೂತು ದಸ್ತಾವೇಜು ಬರೆದವನು ನಾನು. ಹೆಸರು ಭುಜಂಗ. ಹಳೆಯ ಕಾಗದ ಓದುವುದರಲ್ಲಿ ಈ ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಜನ ಹೇಳುತ್ತಿದ್ದರು, ನಾನೂ ಹೇಳಿಕೊಳ್ಳುತ್ತಿದ್ದೆ. ಗೆದ್ದಲು ಹಿಡಿದ ಗೇಣಿ ಪತ್ರ ಕೈಗೆ ಕೊಟ್ಟರೆ ತಿಂದುಹೋದ ಅಕ್ಷರ ಯಾವುದಿರಬಹುದೆಂದೂ ಹೇಳಿಬಿಡುತ್ತಿದ್ದೆ. ದೊಡ್ಡ ದೊಡ್ಡ ವಕೀಲರು ನನ್ನ ಮುರುಕು ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಆ ಸೊಕ್ಕು ಏನು ಮಾಡಿತೆಂದು ಬರೆಯಲು ಈಗ ಕೂತಿದ್ದೇನೆ.

ಕಳೆದ ತಿಂಗಳು ಜಿತೇಶ್ ಫೋನ್ ಮಾಡಿದ. ನನ್ನ ದೊಡ್ಡಮ್ಮನ ಮಗಳ ಮಗ ಅವನು, ಆದಿ ಉಡುಪಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಪೆರ್ಡೂರಿನಲ್ಲಿರುವ ನಮ್ಮ ಕುಟುಂಬದ ದೈವಸ್ಥಾನಕ್ಕೆ ಈ ವರ್ಷ ಜೀರ್ಣೋದ್ಧಾರದ ಬ್ರಹ್ಮಕಲಶ ಉತ್ಸವ. ಸ್ಮರಣ ಸಂಚಿಕೆಯ ಜವಾಬ್ದಾರಿ ಅವನದು.

"ಮಾಮ, ನೀವು ಬರೆದ ವಂಶಾವಳಿ ಹಾಕ್ತೇವಲ್ವಾ, ಅದರ ಪಕ್ಕದಲ್ಲಿ ಆ ಹಳೇ ಗೇಣಿ ಪತ್ರದ ಫೋಟೋ ಹಾಕುವ ಅಂತ. ಒಂದು ಒಳ್ಳೆ ಸ್ಕ್ಯಾನ್ ಮಾಡಿಸಿ ಕೊಡಿ ಮಾರಾಯ್ರೆ. ಅದು ಸಿಕ್ಕಿದ್ದರಿಂದ ಅಲ್ವಾ ನಾವು ಬಂಗೇರರು ಅಂತ ಗೊತ್ತಾದದ್ದು."

ಆ ಗೇಣಿ ಪತ್ರದ ವಿಷಯ ಹೇಳಬೇಕು. ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ. ಅದಕ್ಕೆ ಬರಿ ಎನ್ನುತ್ತೇವೆ. ತಾಯಿಯ ಬರಿಯೇ ಮಕ್ಕಳ ಬರಿ. ಒಂದೇ ಬರಿಯವರು, ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ, ಅಣ್ಣತಂಗಿಯರು. ಅವರೊಳಗೆ ಮದುವೆ ಎಂಬ ಮಾತನ್ನೇ ಎತ್ತುವಂತಿಲ್ಲ. ನನ್ನ ಮಕ್ಕಳು ನನ್ನ ಹೆಂಡತಿಯ ಬರಿಗೆ ಸೇರಿದವರು. ನನ್ನ ತಾಯಿಯ ಕವಲು ಮುಂದುವರಿಯಬೇಕಾದದ್ದು ತಂಗಿ ವಿನೋದಾಳ ಒಬ್ಬಳೇ ಮಗಳು ಅಕ್ಷಿತಾಳಿಂದ. ಆದರೆ ನಮ್ಮ ಬರಿ ಯಾವುದೆಂದೇ ನಮಗೆ ಗೊತ್ತಿರಲಿಲ್ಲ. ನನ್ನ ಅಜ್ಜಿ ಅಪ್ಪಿ ಇನ್ನಂಜೆಯಲ್ಲಿ ದಿಕ್ಕಿಲ್ಲದೆ ಬೆಳೆದವಳು. ನನ್ನ ತಾಯಿಗೆ ಎಂಟು ವರ್ಷವಿದ್ದಾಗಲೇ ತೀರಿಕೊಂಡಳು. ಅವಳ ತಾಯಿ ಯಾರು, ಮನೆ ಯಾವುದು, ಹೇಳುವವರೇ ಉಳಿದಿರಲಿಲ್ಲ. ಮದುವೆಯ ಮಾತುಕತೆಗಳಲ್ಲಿ ಎದುರಿನವರು "ನಿಮ್ಮದು ಯಾವ ಬರಿ?" ಎಂದು ಕೇಳಿದಾಗ ನಾವು ತಲೆ ತಗ್ಗಿಸಿಕೊಂಡು ವೀಳ್ಯದ ತಟ್ಟೆ ಮುಂದೆ ತಳ್ಳುತ್ತಿದ್ದೆವು. ಆ ಅವಮಾನ ನನಗೆ ಚಿಕ್ಕಂದಿನಿಂದ ಚುಚ್ಚುತ್ತಿತ್ತು.

ಒಂಬತ್ತು ವರ್ಷಗಳ ಹಿಂದೆ ಅಕ್ಷಿತಾಳಿಗೂ ಪೆರ್ಡೂರಿನ ಅಖಿಲನಿಗೂ ಮದುವೆ ಮಾಡುವುದೆಂದು ಎರಡೂ ಮನೆಯಲ್ಲಿ ಒಪ್ಪಿಗೆಯಾಗಿತ್ತು. ಇಬ್ಬರೂ ಮೂರು ವರ್ಷದಿಂದ ಮೆಚ್ಚಿಕೊಂಡಿದ್ದವರು. ಅವಳು ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್, ಅವನು ಉಡುಪಿಯಲ್ಲಿ ಬ್ಯಾಂಕಿನಲ್ಲಿದ್ದ. ಅಖಿಲನ ತಂದೆ ಕೇಳಿದ್ದು ಒಂದೇ. "ನನ್ನ ಹೆಂಡತಿ, ಮಕ್ಕಳು ಬಂಗೇರರು. ನಿಮ್ಮ ಬರಿ ಒಂದು ಗೊತ್ತಾದರೆ ಮತ್ತೆ ಎಂತದೂ ಮಾತಿಲ್ಲ." ನಾನು ಎದೆ ಉಬ್ಬಿಸಿ ಒಂದು ತಿಂಗಳು ಟೈಮ್ ಕೇಳಿದೆ. ಅಕ್ಷಿತಾ ಗೇಟಿನವರೆಗೂ ಬಂದು, "ಬೇಗ ಹುಡುಕಿ ಮಾಮ" ಎಂದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಇನ್ನಂಜೆಯ ಜಮೀನ್ದಾರರಾದ ಗುತ್ತಿನ ಮನೆಯವರು ತಮ್ಮ ಹಳೆಯ ಕಾಗದಪತ್ರಗಳನ್ನೆಲ್ಲ ಉಡುಪಿಯ ಒಂದು ಗ್ರಂಥಾಲಯಕ್ಕೆ ಕೊಟ್ಟಿದ್ದರು. ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದ ಐವತ್ತೆರಡು ಕಟ್ಟುಗಳು. ದಿನಾ ಬೆಳಿಗ್ಗೆ ಕಾರ್ಕಳದಿಂದ ಬಸ್ಸಿನಲ್ಲಿ ಹೋಗಿ ಒಂದೊಂದೇ ಬಿಚ್ಚಿದೆ. ಅಲ್ಲಿ ಹಳೆ ಕಡತಗಳನ್ನು ನೋಡಿಕೊಳ್ಳುವ ಜೋಸ್ಲಿನ್ ಎಂಬ ಹೆಂಗಸು ನನಗೆ ಕಿಟಕಿಯ ಪಕ್ಕದ ಮೇಜು ಬಿಟ್ಟುಕೊಟ್ಟಿದ್ದಳು. ಇಪ್ಪತ್ತಮೂರನೇ ದಿನ, ಹದಿನೇಳನೇ ಕಟ್ಟಿನಲ್ಲಿ, ಸಿಕ್ಕಿತು. ೧೯೧೯ರ ಗೇಣಿ ಪತ್ರ. ಆರು ವರ್ಷ ಪ್ರಾಯದ ಅಪ್ಪಿಯ ಹೆಸರಿಗೆ ಅವಳ ತಾಯಿ ಮಾಡುತ್ತಿದ್ದ ಗದ್ದೆಯನ್ನೇ ಮುಂದುವರಿಸಿದ್ದರು. ಕೆಳಗೆ, ಹುಡುಗಿಯ ಪರವಾಗಿ, ಕೂಸಪ್ಪ ಬಂಗೇರ ಎಂಬವನ ರುಜು.

ಆ ಕಾಲದಲ್ಲಿ ಅಪ್ರಾಪ್ತ ಹುಡುಗಿಯ ಪರವಾಗಿ ಯಾರು ರುಜು ಹಾಕುತ್ತಾರೆ? ತಾಯಿಯ ಅಣ್ಣನೋ ತಮ್ಮನೋ. ತಂದೆಗೆ ಆ ಮನೆಯ ಆಸ್ತಿಯಲ್ಲಿ ಬಾಯಿ ಹಾಕುವ ಹಕ್ಕೇ ಇಲ್ಲ. ಅಂಥ ನೂರಾರು ಪತ್ರಗಳನ್ನು ನಾನು ಓದಿದ್ದೆ, ಒಂದರಲ್ಲೂ ತಪ್ಪಿರಲಿಲ್ಲ. ಹಾಗಾದರೆ ಕೂಸಪ್ಪ ಬಂಗೇರ ಅಪ್ಪಿಯ ಸೋದರಮಾವ. ಸೋದರಮಾವ ಬಂಗೇರನಾದರೆ ತಾಯಿಯೂ ಬಂಗೇರ, ಅಪ್ಪಿಯೂ ಬಂಗೇರ, ನಾವೆಲ್ಲರೂ ಬಂಗೇರರು! ಕುರ್ಚಿಯಿಂದ ಎದ್ದೇಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು.

"ಸರ್, ಅದರಲ್ಲಿ ಕೆಳಗೆ ಇನ್ನೂ ಸ್ವಲ್ಪ ಹಾಳೆ ಉಂಟು," ಎಂದಳು ಜೋಸ್ಲಿನ್.

"ಬೇಡ ಮೇಡಂ. ನನಗೆ ಬೇಕಾದ್ದು ಸಿಕ್ಕಿತು."

ದಾರ ಕಟ್ಟಿ ಕೊಟ್ಟು ಬಸ್ಸು ಹತ್ತಿದೆ. ಬಸ್ಸು ಮಣಿಪಾಲ ದಾಟುವಾಗ, ರಸ್ತೆಯ ಬದಿಯಲ್ಲಿ ಬಿಳಿ ಕೋಟು ಹಾಕಿದ ಹುಡುಗಿಯರನ್ನು ಕಂಡಾಗ, ಅಖಿಲನೂ ಬಂಗೇರ ಎಂಬುದು ನೆನಪಾಯಿತು. ಇದನ್ನು ಬಚ್ಚಿಡದೆ ಬರೆಯುತ್ತಿದ್ದೇನೆ. ನನಗೆ ಮೊದಲು ಬಂದದ್ದು ಸಂತೋಷ. ಅಕ್ಷಿತಾಳ ನೆನಪು ಬಂದದ್ದು ಹದಿನೈದು ನಿಮಿಷದ ಮೇಲೆ.

ಇನ್ನಂಜೆಯಲ್ಲಿದ್ದ ವಿನೋದಾಳ ಮನೆಯ ಚಾವಡಿಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ವಿಷಯ ಹೇಳಿದೆ. ಯಾರೂ ಕೂಗಾಡಲಿಲ್ಲ. ಅಖಿಲ ನೆಲ ನೋಡುತ್ತ ಕೂತಿದ್ದ. ಅಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದಳು. "ಸರಿಯಾಗಿ ನೋಡಿದ್ದೀರಾ ಮಾಮ?"

ನನಗೆ ಮೈಯೆಲ್ಲ ಉರಿದುಹೋಯಿತು. "ನೀನು ಹುಟ್ಟುವ ಮೊದಲಿನಿಂದ ಇದೇ ಕೆಲಸ ಮಾಡುವವನು ನಾನು. ನನಗೆ ಪಾಠ ಹೇಳ್ತೀಯಾ?"

ಅಖಿಲನ ತಂದೆ ನನ್ನ ಎರಡೂ ಕೈ ಹಿಡಿದು, "ದೊಡ್ಡ ಪಾಪದಿಂದ ಉಳಿಸಿದಿರಿ" ಎಂದರು. ಆ ವರ್ಷವೇ ಪೆರ್ಡೂರಿನ ಬಂಗೇರರು ನಮ್ಮನ್ನು ಕುಟುಂಬಕ್ಕೆ ಸೇರಿಸಿಕೊಂಡರು, ಅವರ ದೈವಸ್ಥಾನ ನಮ್ಮದೂ ಆಯಿತು. ಜಿತೇಶ್ ಅಂಗಡಿಗೆ ಬಂಗೇರ ಟೈಲ್ಸ್ ಎಂದು ಬೋರ್ಡು ಬರೆಸಿದ. ಡಿಸೆಂಬರ್ ಹನ್ನೊಂದಕ್ಕೆ ಅಖಿಲನಿಗೆ ಬೇರೆ ಕಡೆ ಮದುವೆಯಾಯಿತು. ನಾನು ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಬಂದೆ. ಅಕ್ಷಿತಾ ಮಾತ್ರ ಬಂದ ಸಂಬಂಧಗಳನ್ನೆಲ್ಲ ಬೇಡ ಎಂದಳು. ಹೇಳಿ ಹೇಳಿ ಸೋತು ವಿನೋದಾ ನಾಲ್ಕು ವರ್ಷದ ಹಿಂದೆ ತೀರಿಹೋದಳು. ಅಕ್ಷಿತಾಳಿಗೆ ಈಗ ಮೂವತ್ತನಾಲ್ಕು. ನಾನು ಬರೆದ ವಂಶಾವಳಿಯಲ್ಲಿ ಅವಳ ಹೆಸರಿನ ಕೆಳಗೆ ಗೆರೆಯಿಲ್ಲ.

ಜಿತೇಶ್ ಕೇಳಿದ ಸ್ಕ್ಯಾನಿಗಾಗಿ ಕಳೆದ ಬುಧವಾರ ಮತ್ತೆ ಆ ಗ್ರಂಥಾಲಯಕ್ಕೆ ಹೋದೆ. ಜೋಸ್ಲಿನಳ ಕೂದಲು ನೆರೆದಿತ್ತು, ಆದರೆ ಗುರುತು ಹಿಡಿದಳು.

"ಹದಿನೇಳು ಅಲ್ವಾ ಸರ್? ನಮ್ಮ ಸ್ಕ್ಯಾನರ್ ಮೇಲಿನ ಮಾಳಿಗೆಯಲ್ಲಿ ಉಂಟು, ಅರ್ಧ ಗಂಟೆ ಬೇಕು. ಅಷ್ಟರವರೆಗೆ ನೀವು ಕಟ್ಟು ನೋಡ್ತಾ ಇರಿ."

ಗೇಣಿ ಪತ್ರವನ್ನು ಅವಳು ಒಯ್ದಳು. ಮಾಡಲು ಬೇರೆ ಕೆಲಸವಿಲ್ಲದೆ ಕೆಳಗಿನ ಹಾಳೆಗಳನ್ನು ತಿರುವಿದೆ. ಒಂದು ತೆಂಗಿನಕಾಯಿ ಲೆಕ್ಕ. ದೈವದ ನೇಮೋತ್ಸವದ ಒಂದು ಖರ್ಚಿನ ಪಟ್ಟಿ. ಏನೂ ಬರೆಯದ ಒಂದು ಹಾಳೆ. ನಾಲ್ಕನೆಯದು ಅರ್ಜಿ; ಕೂಸಪ್ಪ ಬಂಗೇರನೇ ಗುತ್ತಿನ ಯಜಮಾನರಿಗೆ ಬರೆಸಿದ್ದು.

"ನನ್ನ ಹೆಂಡತಿ ದುಗ್ಗು, ಸಾಲ್ಯಾನ್ ಬರಿಯವಳು, ಮತ್ತು ಅವಳ ತಾಯಿ, ಇಬ್ಬರು ಅಣ್ಣಂದಿರು ಸಹ ಈ ಜ್ವರದ ಬೇನೆಯಲ್ಲಿ ಕಾಲವಾದರು. ಮಗಳು ಅಪ್ಪಿಯ ಪರವಾಗಿ ರುಜು ಹಾಕಲು ಆ ಮನೆಯಲ್ಲಿ ಗಂಡು ದಿಕ್ಕಿಲ್ಲ. ಕ್ರಮಕ್ಕೆ ವಿರೋಧವಾದರೂ ಹುಡುಗಿಯ ತಂದೆಯಾದ ನಾನೇ ರುಜು ಹಾಕುವರೆ ಅಪ್ಪಣೆಯಾಗಬೇಕು."

ನಾಲ್ಕು ಸಲ ಓದಿದೆ. ತಪ್ಪು ಹುಡುಕಿದೆ, ಬೇರೆ ಅಪ್ಪಿ ಇರಬಹುದೇ ಎಂದು ನೋಡಿದೆ. ಗದ್ದೆಯ ಚಕ್ಕುಬಂದಿ ಅದೇ, ತಾರೀಕು ಗೇಣಿ ಪತ್ರಕ್ಕಿಂತ ಹತ್ತು ದಿನ ಹಿಂದೆ. ಕೂಸಪ್ಪ ಮಾವನಲ್ಲ, ತಂದೆ. ತಂದೆಯ ಬರಿ ಮಕ್ಕಳಿಗೆ ಬರುವುದಿಲ್ಲ. ನಾವು ಸಾಲ್ಯಾನರು. ಅಕ್ಷಿತಾ ಅಖಿಲನಿಗೆ ತಂಗಿಯಲ್ಲ, ಯಾವತ್ತೂ ಆಗಿರಲಿಲ್ಲ. ಅಜ್ಜಿಯ ತಂದೆಯ ಬರಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೇಳಿ ಮಾಡಿಸಿದ ಸಂಬಂಧ. ನಾಲ್ಕು ಹಾಳೆ! ಆವತ್ತು ಇನ್ನು ನಾಲ್ಕು ಹಾಳೆ ತಿರುವುವಷ್ಟು ತಾಳ್ಮೆ ನನಗಿರಲಿಲ್ಲ.

ಅರ್ಜಿಯನ್ನು ವಾಪಸ್ ಇಡುವಾಗ ಕಟ್ಟಿನ ಅಡಿಗಿಟ್ಟಿದ್ದ ರಟ್ಟು ಮಗುಚಿತು. ಅದರ ಒಳಬದಿಯಲ್ಲಿ ಗ್ರಂಥಾಲಯದ ಚೀಟಿ ಅಂಟಿಸಿದ್ದರು. ಕಟ್ಟು ನೋಡಿದವರು ಹೆಸರು, ತಾರೀಕು ಬರೆದು ಸಹಿ ಮಾಡಬೇಕು. ಇಷ್ಟು ವರ್ಷದಲ್ಲಿ ಅದರಲ್ಲಿದ್ದದ್ದು ಎರಡೇ ಹೆಸರು. ಮೊದಲನೆಯದು ನನ್ನದು. ಎರಡನೆಯದು ಅಕ್ಷಿತಾ. ೨೨-೧೨-೨೦೧೬.

ಅಖಿಲನ ಮದುವೆಯಾಗಿ ಹನ್ನೊಂದು ದಿನ.

ಅವಳಿಗೆ ಆ ಹಳೆಯ ಬರವಣಿಗೆ ಓದಲು ಬರುತ್ತದೆ. ನಾನೇ ಕಲಿಸಿದ್ದು. ಶಾಲೆಗೆ ರಜೆ ಬಂದಾಗ ಕಾರ್ಕಳಕ್ಕೆ ಬಂದು ನನ್ನ ಮೇಜಿನ ತುದಿಯಲ್ಲಿ ಕೂತು, ಒಂದು ಸಾಲು ತಪ್ಪಿಲ್ಲದೆ ಓದಿದರೆ ಒಂದು ಗೋಳಿಬಜೆ ಎಂಬ ಲೆಕ್ಕದಲ್ಲಿ ಕಲಿತವಳು. ಸ್ಕ್ಯಾನ್ ಇರುವ ಪೆನ್‌ಡ್ರೈವನ್ನು ಜೋಸ್ಲಿನ್ ಕೈಗಿಟ್ಟಾಗ ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಮಣಿಪಾಲದಲ್ಲಿ ಇಳಿದು ಅಕ್ಷಿತಾಳಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಬಂದಳು. ಒಂದು ಸಣ್ಣ ಕ್ಯಾಂಟೀನಿನಲ್ಲಿ ಎದುರೆದುರು ಕೂತೆವು. ಹೇಗೆ ಸುರು ಮಾಡುವುದೆಂದು ತಿಳಿಯದೆ, "ಇವತ್ತು ಗ್ರಂಥಾಲಯಕ್ಕೆ ಹೋಗಿದ್ದೆ" ಎಂದೆ.

ಅವಳು ನನ್ನ ಮುಖ ನೋಡಿದಳು. "ಹದಿನೇಳನೇ ಕಟ್ಟಾ ಮಾಮ?"

ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ಅವಳು ನೀರಿನ ಲೋಟ ಹತ್ತಿರ ಸರಿಸಿದಳು.

"ನೀನು ಯಾಕೆ ಹೋದೆ ಅಲ್ಲಿಗೆ?"

"ನಿಮ್ಮ ಮೇಲೆ ಸಂಶಯದಿಂದ ಅಲ್ಲ. ಅವನ ಮದುವೆ ಆಗುವವರೆಗೆ ಹೋಗಲಿಕ್ಕೆ ಧೈರ್ಯವೇ ಬರಲಿಲ್ಲ. ಆದ ಮೇಲೆ, ಒಮ್ಮೆ ಆ ಕಾಗದ ಕಣ್ಣಲ್ಲಿ ನೋಡಿದರೆ ಮನಸ್ಸು ಸುಮ್ಮನಾಗ್ತದೆ ಅಂತ ಹೋದೆ. ಪೂರ್ತಿ ಕಟ್ಟು ಓದಿದೆ. ನೀವೇ ಹೇಳ್ತಿದ್ದಿರಲ್ವಾ, ಕೊನೇ ಹಾಳೆಯವರೆಗೆ ನೋಡದೆ ಕಾಗದ ಮಡಚಬಾರದು ಅಂತ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿ ಎಂತ ಮಾಡುವುದು ಮಾಮ? ಮದುವೆ ಆಗಿ ಹೋಗಿತ್ತು. ಆ ಹುಡುಗಿ ಎಂತ ತಪ್ಪು ಮಾಡಿದ್ದಾಳೆ? ನಿಮಗೆ ಹೇಳಿದರೆ ಅಮ್ಮನಿಗೆ ಗೊತ್ತಾಗ್ತಿತ್ತು. ಅಮ್ಮ ನಿಮ್ಮ ಮುಖ ನೋಡ್ತಿರಲಿಲ್ಲ. ಅಮ್ಮನಿಗೆ ಇದ್ದದ್ದು ನೀವೊಬ್ಬರೇ ಅಲ್ವಾ?"

ಒಂಬತ್ತು ವರ್ಷ ಅವಳು ನನಗೆ ಊಟ ಬಡಿಸಿದ್ದಾಳೆ, ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದಾಳೆ. ವಂಶಾವಳಿ ಬರೆದದ್ದಕ್ಕೆ ದೈವಸ್ಥಾನದಲ್ಲಿ ನನಗೆ ಶಾಲು ಹೊದೆಸಿದಾಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಾಳೆ. ಬೈದಿದ್ದರೆ ನಾನು ಬದುಕುತ್ತಿದ್ದೆ.

"ತಿದ್ದುತ್ತೇನೆ," ಎಂದೆ. "ಇವತ್ತೇ ಜಿತೇಶನಿಗೆ ಹೇಳುತ್ತೇನೆ. ಎಲ್ಲರ ಮುಂದೆ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಪುಸ್ತಕದಲ್ಲಿ ಆ ಅರ್ಜಿಯನ್ನೇ ಹಾಕಿಸುತ್ತೇನೆ."

"ಬೇಡ."

"ಅಕ್ಷಿತಾ, ಇದು ಸುಳ್ಳು..."

"ಬೇಡ ಮಾಮ. ಅಖಿಲ ಓದ್ತಾನೆ ಅದನ್ನು. ಓದಿ ಎಂತ ಮಾಡಬೇಕು ಅವನು? ಎರಡು ಮಕ್ಕಳು ಅವನಿಗೆ." ಅವಳು ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು. "ವರ್ಷಕ್ಕೊಮ್ಮೆ ಪೆರ್ಡೂರಿನಲ್ಲಿ ಸಿಗ್ತಾನೆ. ತಂಗಿ, ಆರಾಮ ಉಂಟಾ ಅಂತ ಕೇಳ್ತಾನೆ. ಅವನ ಮಗಳು ಮಾಮಿ ಅಂತ ಓಡಿ ಬಂದು ಮಡಿಲಲ್ಲಿ ಕೂತುಕೊಳ್ತದೆ. ಬಂಗೇರ ಅಲ್ಲ ಅಂತ ಆದರೆ ನಾನು ಅಲ್ಲಿಗೆ ಯಾವ ಲೆಕ್ಕದಲ್ಲಿ ಹೋಗುವುದು? ಅದೊಂದು ಉಳಿದದ್ದು ನನಗೆ. ಅದನ್ನೂ ತೆಗೆಯಬೇಡಿ."

ನಮ್ಮಲ್ಲಿ ಮಕ್ಕಳು ಮಾಮಿ ಎನ್ನುವುದು ತಂದೆಯ ತಂಗಿಯನ್ನು. ಅವಳ ಕಾಲು ಹಿಡಿಯಬೇಕೆನಿಸಿತು. ಹಿಡಿದರೆ ಅವಳು ಸಮಾಧಾನ ಮಾಡಬೇಕಾಗುತ್ತದೆ. ಅಷ್ಟು ಕೇಳಲು ಕೂಡ ನನಗೆ ಮುಖವಿರಲಿಲ್ಲ.

ಮೇಜಿನ ಮೇಲಿದ್ದ ನನ್ನ ಫೋನ್ ಬಡಿದುಕೊಂಡಿತು. ಜಿತೇಶ್. ಅಕ್ಷಿತಾಳೇ ಎತ್ತಿ ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟಳು.

"ಮಾಮ, ಸ್ಕ್ಯಾನ್ ಸಿಕ್ಕಿತಾ? ಪ್ರೆಸ್ಸಿನವರು ಕಾಯ್ತಾ ಇದ್ದಾರೆ. ವಂಶಾವಳಿಯಲ್ಲಿ ಎಂತಾದರೂ ತಿದ್ದಲಿಕ್ಕೆ ಉಂಟಾ?"

ಅಕ್ಷಿತಾ ನನ್ನನ್ನೇ ನೋಡುತ್ತಿದ್ದಳು. ಇನ್ನಂಜೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳಲ್ಲ, ಆವತ್ತೂ ಹೀಗೆಯೇ ನೋಡಿದ್ದಳು.

"ಇಲ್ಲ," ಎಂದೆ. "ಎಲ್ಲ ಸರಿ ಉಂಟು."

"ಹಾಗಾದರೆ ಕೆಳಗೆ ಸಂಗ್ರಹ, ಸಂಶೋಧನೆ ಅಂತ ನಿಮ್ಮ ಹೆಸರು ಹಾಕ್ತೇನೆ. ಫೋಟೋ ಕೂಡ ಹಾಕಲಾ ಮಾಮ?"

"ಹಾಕು," ಎಂದೆ.