ಬೆನ್ನು ತಿರುಗಿಸಿ ನಿಂತ ಕೊಪ್ಪ

ಹನ್ನೊಂದು ಮಕ್ಕಳು ಕುದುರೆ ಹತ್ತಿ ಇಳಿದಾಗಿತ್ತು. ಹನ್ನೆರಡನೆಯವಳು ವೀಣ. ಹತ್ತು ದಿನದ ಕುದುರೆ ಸವಾರಿ ಶಿಬಿರದಲ್ಲಿ ಉಳಿದಿದ್ದದ್ದು ಒಂದು ಸಂಜೆ, ಆ ಸಂಜೆಯಲ್ಲೂ ಒಂದೇ ಗಂಟೆ. ಆರಕ್ಕೆ ಲಾರಿ ಬಂದು ಕುದುರೆಗಳನ್ನು ಮಳವಳ್ಳಿಗೆ ಹೇರಿಕೊಂಡು ಹೋಗುತ್ತದೆ. ಆಮೇಲೆ ಮುಂದಿನ ಬೇಸಿಗೆಯೇ.

ಯಾರಿಗೂ ಗೊತ್ತಾಗದ ಹಾಗೆ ಇದೆಲ್ಲ ಮುಗಿದುಹೋಗಿದ್ದರೆ ಅವಳಿಗೆ ಅಷ್ಟು ತಳಮಳವಿರುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದ ಈ ಹುಡುಗಿ ಮೊದಲ ದಿನವೇ ತನ್ನೂರು ಕೊಪ್ಪದ ಡೇರಿ ಮುಂದೆ, ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತವರ ಎದುರಿಗೆ, "ಕೊನೇ ದಿನ ಎಲ್ಲಾರೂ ಬನ್ನಿ, ಕುದ್ರೆ ಮ್ಯಾಲೆ ಕುಂತು ತೋರುಸ್ತೀನಿ" ಎಂದು ಸಾರಿಬಿಟ್ಟಿದ್ದಳು. ಎಂಟನೇ ವಯಸ್ಸಿಗೇ ಅಪ್ಪನ ಜೋಡೆತ್ತನ್ನು ಒಬ್ಬಳೇ ನೀರಿಗೆ ಹೊಡೆದುಕೊಂಡು ಹೋದವಳು ಅವಳು. ಮೂಗುದಾರವಿಲ್ಲದ ಒಂದು ಕುದುರೆ ಯಾವ ಮೂಲೆಗೆ?

ಕೊಪ್ಪದವರು ಇಂಥ ಮಾತನ್ನು ಮರೆಯುವವರಲ್ಲ. ಐದು ಗಂಟೆಗೆ ಗದ್ದೆ ಬದುವಿನ ಮೇಲೆ ಅರವತ್ತು ಜನ ನಿಂತಿದ್ದರು.

ಶಿಬಿರ ನಡೆಸುತ್ತಿದ್ದವಳು ರುಕ್ಸಾರ್. ಮಂಡ್ಯದ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದ ನಯಾಜ್ ಪಾಷಾರ ಮೊಮ್ಮಗಳು. ತಾತನ ಕಾಲದ ಚಾವಟಿ ಅವಳ ಕೈಯಲ್ಲಿರಲಿಲ್ಲ, ಕುದುರೆಯ ಬಾಯಿಗೆ ತುರುಕುವ ಕಬ್ಬಿಣವೂ ಇರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಸರ್ವೆ ಮರದ ಗಳು ಕಟ್ಟಿಸಿ ದುಂಡಗೆ ಒಂದು ಬೇಲಿ ಮಾಡಿಸಿದ್ದಳು, ಅಷ್ಟೇ. ಬೇಲಿಯೊಳಗೆ ಕುದುರೆಯನ್ನು ಹಗ್ಗವಿಲ್ಲದೆ ಬಿಡುವುದು. ಅದು ತಾನಾಗಿ ಮಗುವಿನ ಹತ್ತಿರ ಬರಬೇಕು, ಬಂದು ಮಗುವಿನ ಹಿಂದೆ ಪೂರ್ತಿ ಒಂದು ಸುತ್ತು ನಡೆಯಬೇಕು. ಆಮೇಲೆ ಹತ್ತಬಹುದು. ಹಿಡಿಯುವಂತಿಲ್ಲ, ಎಳೆಯುವಂತಿಲ್ಲ, ತಿನಿಸಿನ ಆಸೆ ತೋರಿಸುವಂತಿಲ್ಲ.

ವೀಣಳ ಪಾಲಿಗೆ ಬಂದದ್ದು ಜಾಮೂನು. ಬಣ್ಣವೂ ಹೆಸರಿನದೇ. ಒಂಬತ್ತು ದಿನ ಅವಳು ಎತ್ತಿನ ಮುಖಕ್ಕೆ ಹೋಗುವ ಹಾಗೆ ನೆಟ್ಟಗೆ ಅದರ ಮುಖಕ್ಕೇ ಹೋದಳು, ಕಣ್ಣಲ್ಲಿ ಕಣ್ಣು ನೆಟ್ಟು, ಇಲ್ಲದ ಮೂಗುದಾರಕ್ಕೆ ಕೈ ಚಾಚಿ. ಒಂಬತ್ತು ದಿನವೂ ಜಾಮೂನು ಬೇಲಿಯ ಆಚೆ ತುದಿಗೆ ಹೋಗಿ ನಿಂತಿತು.

"ಎರಡೂ ಕಣ್ಣಲ್ಲಿ ನೆಟ್ಟಗೆ ನೋಡ್ತಾ ಬರೋದು ಯಾವುದು ಹೇಳು?" ರುಕ್ಸಾರ್ ಒಮ್ಮೆ ಕೇಳಿದ್ದಳು. "ಚಿರತೆ. ತಿನ್ನೋಕೆ ಬರೋದು ಹಾಗೇ ನೋಡೋದು ಕಣಮ್ಮ."

"ನಾನ್ಯಾಕಕ್ಕ ಅದ ತಿನ್ಲಿ?" ಎಂದಿದ್ದಳು ವೀಣ, ನಿಜಕ್ಕೂ ಬೇಜಾರಾಗಿ.

ಈಗ ಅವಳು ಬೇಲಿ ನುಸುಳಿ ಒಳಗೆ ಬಂದಳು. ಜಾಮೂನು ತಲೆಯೆತ್ತಿತು. ಬದುವಿನ ಮೇಲೆ ಸಲಹೆಗಳು ಶುರುವಾದವು.

"ನಿಧಾನ ಕಣವ್ವ" ಎಂದ ಅವಳಪ್ಪ ಚಲುವರಾಜು.

"ನಿಧಾನ ಯಾಕ್ಲಾ? ಬಿರ್ರನೆ ಓಗಿ ಜುಟ್ಟು ಇಡ್ಕಬೇಕು." ಇದು ಮರಿಸಿದ್ದಯ್ಯ, ಹುಟ್ಟಿದಾರಭ್ಯ ಕುದುರೆ ಮುಟ್ಟದವನು.

"ಏ, ಅದೇನು ನಿನ್ನ ಎಮ್ಮೆ ಅಂದ್ಕಂಡ್ಯಾ?" ಎಂದ ಪಕ್ಕದವನು.

"ಎಮ್ಮೆಗೆಲ್ಲಯ್ಯ ಜುಟ್ಟು?"

ಅಜ್ಜಿ ದೇವಿರಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರೊಂದನ್ನು ಬೇಲಿಯ ಸಂದಿಯಿಂದ ಚಾಚಿದಳು. "ತಕ್ಕವ್ವ, ಇದ ತೋರ್ಸು."

"ಅಜ್ಜಿ, ಬೆಲ್ಲ ಬೇಡ" ಎಂದಳು ರುಕ್ಸಾರ್. "ಆಮೇಲೆ ಅದು ಬೆಲ್ಲದ ಹಿಂದೆ ಬರುತ್ತೆ, ಇವಳ ಹಿಂದೆ ಅಲ್ಲ."

"ಯಾರಿಂದೆ ಬಂದ್ರೇನವ್ವ, ಬಂದ್ರಾಯ್ತಲ್ಲ."

ಮದ್ದೂರಿನ ಮೆಕ್ಯಾನಿಕ್ಕಿನ ಮಗ ಒವೈಸ್ ಮೂರನೇ ದಿನವೇ ಕುದುರೆ ಹತ್ತಿದವನು. ಮೊಬೈಲು ಎತ್ತಿ ಹಿಡಿದು ಬೇಲಿಗೆ ಒರಗಿದ್ದ. "ಏನಮ್ಮಿ, ಹತ್ತು ದಿನ ಆಯ್ತು. ಇನ್ನೂ ಅದಕ್ಕೆ ನಿನ್ನ ಪರಿಚಯ ಆಗಿಲ್ವಾ?"

"ಮುಚ್ಕಂಡು ನಿಂತ್ಕಳ್ಲಾ."

ಅಷ್ಟರಲ್ಲಿ ಚಲುವರಾಜುವಿಗೆ ತಡೆಯಲಾಗಲಿಲ್ಲ. ಒಂದು ಕಬ್ಬಿನ ಜಲ್ಲೆ ಹಿಡಿದು ಬೇಲಿ ಹಾರಿದ. "ಇಂದ್ಲಿಂದ ಒಸಿ ಓಡುಸ್ತೀನಿ ಬುಡು, ನಿನ್ ತಾವ್ಕೇ ಬತ್ತದೆ."

ಜಾಮೂನು ಹೊರಟಿತು. ಅದು ಓಟವಲ್ಲ, ಬೇಲಿಯೊಳಗೆ ಸುತ್ತುವ ಒಂದು ಸುಂಟರಗಾಳಿ. ವೀಣ ಬೇಲಿಗೆ ಅಂಟಿಕೊಂಡಳು, ಧೂಳು ಬಾಯಿಗೆ ಬಂತು, ಗೊರಸಿನ ಸದ್ದು ಹೊಟ್ಟೆಯೊಳಗೆ ಕೇಳಿಸಿತು. ರುಕ್ಸಾರ್ ಚಲುವರಾಜುವಿನ ತೋಳು ಹಿಡಿದು ಹೊರಗೆ ಎಳೆದಳು. ಬದುವಿನ ಮೇಲಿದ್ದವರಿಗೆ ಇದು ಬಹಳ ಇಷ್ಟವಾಯಿತು. ಶಿಳ್ಳೆ ಕೂಡ ಬಿತ್ತು.

ಕೊನೆಗೆ ಕುದುರೆ ನಿಂತಿತು. ಪಕ್ಕೆ ಏರಿ ಇಳಿಯುತ್ತಿತ್ತು. ಕಿವಿಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ, ಮರಿಸಿದ್ದಯ್ಯನ ಕಡೆ, ಶಿಳ್ಳೆಯ ಕಡೆ, ಮೊಬೈಲುಗಳ ಕಡೆ. ಕುದುರೆ ನೋಡುತ್ತಿದ್ದ ಕಡೆಗೆ ವೀಣ ಕೂಡ ನೋಡಿದಳು, ಹತ್ತು ದಿನದಲ್ಲಿ ಮೊದಲ ಸಲ. ಬೇಲಿಯ ಸುತ್ತ ಕಣ್ಣು. ಎಲ್ಲವೂ ನೆಟ್ಟಗೆ ಒಳಗೆ ನೆಟ್ಟ ಕಣ್ಣು. ಒಂಬತ್ತು ದಿನ ಜಾಮೂನಿಗೆ ಒಂದೇ ಚಿರತೆ ಇತ್ತು. ಇವತ್ತು ಅವಳೇ ಅರವತ್ತನ್ನು ಕರೆದು ತಂದಿದ್ದಳು.

"ಎಲ್ಲಾರೂ ಆ ಕಡೀಕೆ ತಿರುಕ್ಕಳಿ" ಎಂದಳು.

"ಏನಂದೆ?"

"ರಸ್ತೆ ಕಡೀಕೆ. ಇತ್ಲಾಗೆ ಬೆನ್ನು ಮಾಡ್ಕಂಡು ನಿಂತ್ಕಳಿ. ಮಾತಾಡಂಗಿಲ್ಲ, ಫೋನೂ ಇಡಿಯಂಗಿಲ್ಲ."

"ನೋಡಕ್ಕೆ ಅಂತ ತಾನೆ ನೀನು ಕರ್ದಿದ್ದು?" ಮರಿಸಿದ್ದಯ್ಯ ಕೆರಳಿದ. "ಆಲು ಕರೆಯದ ಬುಟ್ಟು ಬಂದಿವ್ನಿ ಕಣಮ್ಮಿ."

"ಕರ್ದೋಳೂ ನಾನೇ, ತಿರುಕ್ಕಳಿ ಅಂತಿರೋಳೂ ನಾನೇ."

ಹೇಳಿದ ಮೇಲೆ ಅವಳಿಗೆ ಹೊಳೆಯಿತು: ಇವರು ತಿರುಗಿಬಿಟ್ಟರೆ ನೋಡುವವರೇ ಇಲ್ಲ. ಕುದುರೆ ಬಂದರೂ ನಾಳೆ ಡೇರಿ ಮುಂದೆ ಯಾರು ನಂಬುತ್ತಾರೆ?

ಮೊದಲು ತಿರುಗಿದವಳು ದೇವಿರಮ್ಮ. "ತಿರುಕ್ಕಳ್ರಪ್ಪ. ನಂಗಂತೂ ಎಂಗೂ ಕಣ್ಣು ಕಾಣಾಕಿಲ್ಲ." ಆಮೇಲೆ ಚಲುವರಾಜು, ಜಲ್ಲೆಯ ಸಮೇತ. ಆಮೇಲೆ ಗೊಣಗುತ್ತ ಒಬ್ಬೊಬ್ಬರು. ಒವೈಸ್ ಮೊಬೈಲನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿಯಲು ನೋಡಿದ. ರುಕ್ಸಾರ್ ಒಮ್ಮೆ ಕೆಮ್ಮಿದಳು, ಮೊಬೈಲು ಜೇಬಿಗೆ ಹೋಯಿತು.

ಕೊಪ್ಪ ಸುಮ್ಮನಾಯಿತು. ರಸ್ತೆಯಲ್ಲಿ ಬರುತ್ತಿದ್ದ ಹಾಲಿನ ವ್ಯಾನಿನವನು ಅರವತ್ತು ಜನ ಬಾಯಿ ಬಿಗಿದು ತನ್ನನ್ನೇ ನೋಡುತ್ತ ನಿಂತದ್ದು ಕಂಡು ಇಂಜಿನ್ ಆರಿಸಿದ. ಟವೆಲನ್ನು ತಲೆಯಿಂದ ತೆಗೆದು, ಕೆಳಗಿಳಿದು, "ಯಾರು ಓಗ್ಬುಟ್ರು?" ಎಂದು ಪಿಸುಗುಟ್ಟಿದ. ಚಲುವರಾಜು ತುಟಿಯ ಮೇಲೆ ಬೆರಳಿಟ್ಟ. ವ್ಯಾನಿನವನೂ ಕೈ ಕಟ್ಟಿ ನಿಂತ. ಅವನ ಹಿಂದೆ ಎರಡು ಬೈಕು ನಿಂತವು.

ಬೇಲಿಯೊಳಗೆ ವೀಣ ಕುದುರೆಯ ಕಡೆಗೆ ಹೋಗಲಿಲ್ಲ. ನಡುವಿಗೆ ಬಂದು, ಕೈ ಇಳಿಬಿಟ್ಟು, ಅವಳೂ ಅದಕ್ಕೆ ಬೆನ್ನು ಮಾಡಿ ನಿಂತಳು. ನೆಲ ನೋಡಿದಳು. ಮುರಿದ ಕೂಳೆ, ಒಂದು ಕಪ್ಪು ಇರುವೆ. ಇರುವೆ ಅವಳ ಕಾಲ ಬೆರಳು ಹತ್ತಿ ಇಳಿಯಿತು.

ಹಿಂದೆ ಕೂಳೆ ಚಟ್ಟೆಂದಿತು. ಒಂದು ಹೆಜ್ಜೆ. ಆಮೇಲೆ ಏನೂ ಇಲ್ಲ, ಎಷ್ಟು ಹೊತ್ತು ಏನೂ ಇಲ್ಲವೆಂದರೆ ವೀಣ ತಿರುಗಿ ನೋಡದಿರಲು ನಾಲಿಗೆ ಕಚ್ಚಿಕೊಂಡಳು. ಮತ್ತೆ ಚಟ್. ಮತ್ತೆ.

ಕತ್ತಿನ ಹಿಂದೆ ಬಿಸಿಯಾಯಿತು. ಹುಲ್ಲು ಅಗಿದ ವಾಸನೆಯ, ಒದ್ದೆ ಒದ್ದೆಯಾದ, ದೊಡ್ಡ ಒಂದು ಉಸಿರು. ಜಡೆ ಅಲುಗಿತು.

ವೀಣ ಒಂದು ಹೆಜ್ಜೆ ಮುಂದಿಟ್ಟಳು. ಹಿಂದೆ ನಾಲ್ಕು ಗೊರಸು ಹೆಜ್ಜೆಯಿಟ್ಟವು. ಅವಳು ಎಡಕ್ಕೆ ಹೊರಳಿದಳು, ಗೊರಸೂ ಹೊರಳಿದವು. ಅರ್ಧ ಸುತ್ತು. ಕಿರುಚಬೇಕು ಎನಿಸಿತು, ಎಲ್ಲರ ಬೆನ್ನಿಗೂ ಗುದ್ದಬೇಕು ಎನಿಸಿತು. ಮುಕ್ಕಾಲು. ನಿಂತಳು, ಅದೂ ನಿಂತಿತು. ಮತ್ತೆ ನಡೆದಳು. ಪೂರ್ತಿ ಒಂದು ಸುತ್ತು.

ರುಕ್ಸಾರ್ ಬೇಲಿ ನುಸುಳಿ ಬಂದಳು. ಜಾಮೂನಿನ ಬೆನ್ನಿಗೆ ದಪ್ಪ ಕಂಬಳಿ ಹಾಕಿ ಪಟ್ಟಿ ಬಿಗಿದಳು. ಬೆರಳುಗಳನ್ನು ಹೆಣೆದು ಮೆಟ್ಟಿಲು ಮಾಡಿ, ಕಣ್ಣಲ್ಲೇ ಹೇಳಿದಳು: ಹತ್ತು.

ವೀಣ ಹತ್ತಿದಳು.

ಹುಟ್ಟಿದಾಗಿನಿಂದ ಅವಳು ಕಬ್ಬಿನ ಗದ್ದೆಗಳ ಬುಡದಲ್ಲೇ ನಡೆದವಳು. ಎರಡೂ ಕಡೆ ಹಸಿರು ಗೋಡೆ, ಮೇಲೆ ಒಂದು ಸೀಳು ಆಕಾಶ. ಈಗ ಪಕ್ಕದ ಗದ್ದೆಯ ಆ ಗೋಡೆಯ ನೆತ್ತಿ ಅವಳ ಮುಖದ ಮಟ್ಟಕ್ಕಿತ್ತು. ಗರಿಗಳ ತುದಿಗಳೆಲ್ಲ ಒಟ್ಟಿಗೆ ಬಾಗಿ ಏಳುತ್ತ, ಸಂಜೆ ಬಿಸಿಲು ಅವುಗಳ ಮೇಲೆ ನಡೆದುಕೊಂಡು ಬರುತ್ತಿತ್ತು. ಕೆಳಗೆ ಬೆಚ್ಚಗಿನ ಬೆನ್ನು ಅಲುಗಿತು, ಅವಳೂ ಅಲುಗಿದಳು. ಬೇಲಿಯಾಚೆ ಕೊಪ್ಪದ ತಲೆಗಳು ಸಾಲಾಗಿ ಹಾದುಹೋದವು. ಅಜ್ಜಿಯ ಪುಟ್ಟ ತುರುಬು. ಮರಿಸಿದ್ದಯ್ಯನ ಹೆಗಲ ಟವೆಲು. ಅಪ್ಪನ ನೆತ್ತಿಯಲ್ಲಿ ಅಂಗೈಯಗಲ ಬೋಳು. ಅದು ಅಲ್ಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ರುಕ್ಸಾರ್ ಬದುವಿನ ಕಡೆ ತೋರಿಸಿ ಹುಬ್ಬು ಹಾರಿಸಿದಳು: ತಿರುಗಲು ಹೇಳಲೇ? ವೀಣ ಬೇಡವೆಂದು ತಲೆಯಾಡಿಸಿ ಒಂದು ಬೆರಳೆತ್ತಿದಳು. ಇನ್ನೊಂದು ಸುತ್ತು.

ಅವಳು ಹತ್ತಿರ ಬಂದಾಗ ಚಲುವರಾಜು, ಮುಖ ರಸ್ತೆಗೇ ಇಟ್ಟುಕೊಂಡು, ಪಿಸುಗುಟ್ಟಿದ. "ಬಂತೇನವ್ವ?"

"ಒಸಿ ತಡಿಯಪ್ಪ" ಎಂದಳು ವೀಣ.

ದನಿ ಬಂದದ್ದು ಅವನ ತಲೆಯ ಮೇಲಿಂದ. ಚಲುವರಾಜುವಿನ ಬೆನ್ನು ನೆಟ್ಟಗಾಯಿತು. ಕೈಯಲ್ಲಿದ್ದ ಜಲ್ಲೆ ನೆಲಕ್ಕೆ ಬಿತ್ತು, ಭುಜಗಳು ನಗುವಿಗೆ ಕುಲುಕತೊಡಗಿದವು. ಆದರೂ ಅವನು ತಿರುಗಲಿಲ್ಲ.