ನಮ್ಮನೆ ನಾರು

ರಹಮತುಲ್ಲಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬೆರಳಗಲದ ಒಂದು ಬಿಳಿ ಸುರುಳಿಯನ್ನು ಹೆಂಡತಿಯ ಮಡಿಲಿಗೆ ಹಾಕಿದಾಗ ಕುಬ್ರಾ ಸೆಣಬಿನ ನಾರು ಬಾಚುತ್ತಿದ್ದಳು.

"ಟೇಪು. ಮಾರ್ಕೆಟ್ಟಿಗೆ ಹೊಸದಾಗಿ ಬಂದೈತೆ. ಪೈಪಿನ ಥ್ರೆಡ್ ಮೇಲೆ ನಾಲ್ಕು ಸುತ್ತು ಸುತ್ತಿ ನಲ್ಲಿ ಬಿಗಿದ್ರೆ ಮುಗೀತು. ನಾರು ಬೇಡ, ಸಫೇದ ಬೇಡ, ಕೈಗೆ ಮೆತ್ಕೊಳ್ಳೋದೂ ಇಲ್ಲ. ಇನ್ಮೇಲೆ ಆ ಡಬ್ಬಿ ಬಿಸಾಕು."

ಕುಬ್ರಾ ಸುರುಳಿಯನ್ನು ಎತ್ತಿ ನೋಡಿದಳು. ಜಡೆಗೆ ಕಟ್ಟುವ ಟೇಪಿಗಾದರೂ ಒಂದು ಗತ್ತಿರುತ್ತದೆ. ಇದು ಊದಿದರೆ ಹಾರಿಹೋಗುವಂತಿತ್ತು.

ಮದುವೆಯಾಗಿ ಗಂಗಾನಗರಕ್ಕೆ ಬಂದಾಗಿನಿಂದ ಗಂಡನ ನಲ್ಲಿ ಕೆಲಸದಲ್ಲಿ ಅವಳ ಪಾಲು ಅಂತ ಇದ್ದದ್ದು ಇದೊಂದೇ. ಸೆಣಬಿನ ಕಟ್ಟು ಬಿಡಿಸಿ, ಹಲ್ಲು ಮುರಿದ ಮರದ ಬಾಚಣಿಗೆಯಲ್ಲಿ ಬಾಚಿ, ಕಸ ತೆಗೆದು, ಎಳೆ ಎಳೆಯಾಗಿ ಡಬ್ಬಿಗೆ ತುಂಬುವುದು. ಪೈಪಿನ ತುದಿಯ ತಿರುಪಿಗೆ, ಅಂದರೆ ಥ್ರೆಡ್ಡಿಗೆ, ಆ ನಾರು ಸುತ್ತಿ, ಮೇಲೆ ಅಂಟಂಟಾದ ಬಿಳಿ ಸಫೇದ ಬಳಿದು ಬಿಗಿದರೆ, ಟ್ಯಾಂಕಿನ ನೀರು ಎಷ್ಟೇ ಒತ್ತಿದರೂ ಒಂದು ಹನಿ ಆಚೆ ಬರುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ರಹಮತುಲ್ಲಾ "ನಾರು ನಮ್ಮನೇದು" ಎನ್ನುತ್ತಿದ್ದ. ಬೀದಿಯಲ್ಲಿ ಹೋಗುವಾಗ ಕುಬ್ರಾ ತನ್ನ ನಾರಿರುವ ಮನೆ, ಇಲ್ಲದ ಮನೆ ಅಂತ ಎರಡು ಜಾತಿ ಮಾಡಿಕೊಂಡೇ ನೋಡುತ್ತಿದ್ದಳು. ಗೋಡೆಯೊಳಗೆ ಮುಚ್ಚಿಹೋದದ್ದು ಇನ್ಯಾರಿಗೆ ಕಾಣಬೇಕು, ಅವಳಿಗೇ ಕಾಣಬೇಕು.

ಡಬ್ಬಿಯನ್ನು ಅವಳು ಬಿಸಾಕಲಿಲ್ಲ. ಮಂಚದ ಕೆಳಗೆ ತಳ್ಳಿ, ಎರಡು ದಿನ ಗಂಡನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಆ ಮಹರಾಯನಿಗೆ ಅದೂ ಗೊತ್ತಾಗಲಿಲ್ಲ.

ಟೇಪನ್ನು ಅವನು ಮೊದಲು ಸುತ್ತಿದ್ದು ಎದುರು ಸಾಲಿನ ಮುನಿಕೃಷ್ಣಮ್ಮನ ಹೊಸ ಮನೆಯಲ್ಲಿ. ಮುನಿಕೃಷ್ಣಮ್ಮ ಅಲ್ಲಿ ಬಡಾವಣೆಯಾಗುವ ಮೊದಲಿದ್ದ ಹಳೇ ಊರಿನವಳು; ಬಾಯಿ ಜೋರು, ಕೈ ಧಾರಾಳ. ಬೆಳಗಾದರೆ ಗೃಹಪ್ರವೇಶ. ಸಾಯಂಕಾಲ ತಾರಸಿಯ ಟ್ಯಾಂಕು ತುಂಬಿದ್ದೇ ತಡ, ಕುಬ್ರಾಳನ್ನೂ ಕೂಗಿ ಕರೆದಳು.

"ಬಾರಮ್ಮಿ ಕುಬ್ರಾ, ನಿನ್ ಗಂಡ ಏನ್ ಮಾಡವ್ನೆ ನೀನೂ ನೋಡು!"

ರಹಮತುಲ್ಲಾ ಠೀವಿಯಿಂದ ವಾಲ್ವು ತಿರುಗಿಸಿದ. ನೀರು ಗೊರಗೊರ ಎನ್ನುತ್ತ ಪೈಪಿನೊಳಗೆ ಇಳಿಯಿತು. ಕುಬ್ರಾ ಅಡುಗೆಮನೆಯ ನಲ್ಲಿಯ ಬುಡವನ್ನೇ ನೋಡುತ್ತ ನಿಂತಳು. ಸೋರಲಿ ಎಂದು ಅವಳು ಬೇಡಿಕೊಳ್ಳಲಿಲ್ಲ. ಸೋರದಿರಲಿ ಎಂದೂ ಬೇಡಿಕೊಳ್ಳಲಿಲ್ಲ.

ಮೊದಲು ಒಂದು ಹನಿ ಕಾಣಿಸಿತು. ಅದು ದಪ್ಪಗಾಗಿ ಹೊಸ ಸುಣ್ಣದ ಗೋಡೆಯ ಮೇಲೆ ಇಳಿಯಿತು. ಬಚ್ಚಲಲ್ಲೂ ಅದೇ, ಹಿತ್ತಲಲ್ಲೂ ಅದೇ. ಕುಬ್ರಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಕ್ಷಣವೇ ಗಂಡನ ಸಪ್ಪೆ ಮುಖ ನೋಡಿ ನಾಚಿಕೆಯೂ ಆಯಿತು.

"ಅಯ್ಯೋ ನನ್ನಪ್ಪ! ಬೆಳಗಾದ್ರೆ ನೆಂಟ್ರು ಬತ್ತಾರೆ, ಗೋಡೆ ಇಂಗೆ ಅಳ್ತಾ ಕೂತೈತಲ್ಲೋ ರಹಮತ್ತು!" ಎಂದಳು ಮುನಿಕೃಷ್ಣಮ್ಮ.

ರಹಮತುಲ್ಲಾ ವಾಲ್ವು ಮುಚ್ಚಿ ಮನೆಯೆಲ್ಲ ಓಡಾಡಿದ. ಸೋರದೆ ಇದ್ದದ್ದು ತುಳಸಿಕಟ್ಟೆಯ ಪಕ್ಕದ ನಲ್ಲಿ ಒಂದೇ. ಅದನ್ನು ಮುಟ್ಟಿ ನೋಡಿ ಹಣೆ ಬಡಿದುಕೊಂಡ.

"ಇದೊಂದು ನೆಟ್ಟಗೆ ಕೂತಿತ್ತು ಅಕ್ಕ. ಮಿಕ್ಕಿದ್ದೆಲ್ಲ ಬಿಗಿ ಮಾಡೋಷ್ಟರಲ್ಲಿ ನಲ್ಲಿ ಮೂತಿ ಗೋಡೆ ಕಡೆ ತಿರುಗ್ತು. ಒಂಚೂರು ಹಿಂದಕ್ಕೆ ತಿರುಗಿಸ್ದೆ. ನಾರಿಗೆ ಹಂಗೇ ಮಾಡ್ತಿದ್ನಲ್ಲ!"

ನಾರು ನೀರು ಕುಡಿದು ಊದಿಕೊಂಡು ಆ ಸಡಿಲವನ್ನು ತಾನೇ ತುಂಬಿಕೊಳ್ಳುತ್ತಿತ್ತು. ಟೇಪಿಗೆ ಆ ಗುಣವಿಲ್ಲ. ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಪಳಗಿದ ಕೈ ಕೇಳಬೇಕಲ್ಲ, ತನ್ನ ಅಭ್ಯಾಸದಂತೆ ತಾನು ಮಾಡಿತ್ತು. ಸುರುಳಿಯೋ ಖಾಲಿ. ಇನ್ನೊಂದಕ್ಕೆ ಸಿಟಿ ಮಾರ್ಕೆಟ್ಟಿಗೇ ಹೋಗಬೇಕು, ತಲಪುವಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ.

ಅವನು ಹೆಂಡತಿಯ ಕಡೆ ಓರೆಗಣ್ಣಲ್ಲಿ ನೋಡಿದ. "ಆ ಡಬ್ಬಿ..."

"ಯಾವ ಡಬ್ಬಿ?"

"ನಾರಿನ ಡಬ್ಬಿ ಕಣೇ."

"ಬಿಸಾಕು ಅಂದಿದ್ರಲ್ಲ ಅಜೀ."

"ಬಿಸಾಕಿಬಿಟ್ಯಾ?" ಅವನ ದನಿ ಉಡುಗಿಹೋಗಿತ್ತು.

ಕುಬ್ರಾ ತಲೆಯ ಮೇಲಿನ ಸೆರಗನ್ನು ಬೇಕಂತಲೇ ನಿಧಾನವಾಗಿ ಸರಿಮಾಡಿಕೊಂಡಳು. "ನೀವು ಹೇಳಿದ್ದನ್ನೆಲ್ಲ ಮಾಡೋಳಾಗಿದ್ರೆ ನಮ್ ಸಂಸಾರ ಎಂದೋ ಸೋರಿಹೋಗ್ತಿತ್ತು."

ಮುನಿಕೃಷ್ಣಮ್ಮ ಬಿದ್ದು ಬಿದ್ದು ನಕ್ಕಳು. "ಓಗಮ್ಮಿ, ಬಿರ್ರನೆ ಓಗಿ ತತ್ತಾ!"

ಡಬ್ಬಿಯ ಜೊತೆ ಕುಬ್ರಾ ಬಾಚಣಿಗೆಯನ್ನೂ ಬಿಡಿಸದ ಸೆಣಬಿನ ಕಟ್ಟನ್ನೂ ತಂದು ಹೊಸ ಮೆಟ್ಟಿಲ ಮೇಲೆ ಕೂತಳು. ಅವಳು ಬಾಚಿದಳು, ಮುನಿಕೃಷ್ಣಮ್ಮ ಕಸ ಆಯ್ದಳು. ರಹಮತುಲ್ಲಾ ಸೋರಿದ ನಲ್ಲಿಗಳನ್ನು ಒಂದೊಂದಾಗಿ ಬಿಚ್ಚಿ, ಟೇಪಿನ ಚೂರು ಕೆರೆದು, ನಾರು ಸುತ್ತಿ, ಸಫೇದ ಬಳಿದು ಬಿಗಿದ. ಮೂತಿ ನೆಟ್ಟಗಾಗಲೆಂದು ನಿರಾಳವಾಗಿ ಹಿಂದಕ್ಕೂ ತಿರುಗಿಸಿದ. ಮೊಣಕೈವರೆಗೂ ಬಿಳಿ ಮೆತ್ತಿಕೊಂಡರೂ ಅವನು ಗೊಣಗಲಿಲ್ಲ.

ಮತ್ತೆ ನೀರು ಬಿಟ್ಟ ಮೇಲೆ ಮುನಿಕೃಷ್ಣಮ್ಮ ತನ್ನದೇ ಒಂದು ಪರೀಕ್ಷೆ ಇಟ್ಟಳು. ಒಂದೊಂದು ನಲ್ಲಿಯ ಕೆಳಗೂ ಚಿಟಿಕೆ ರಂಗೋಲಿ ಪುಡಿ ಉದುರಿಸಿ, "ಬೆಳಗ್ಗೆ ಇದು ಒದ್ದೆ ಆಗಿದ್ರೆ ಇಬ್ರಿಗೂ ಒಬ್ಬಟ್ಟಿಲ್ಲ" ಎಂದಳು.

ಬೆಳಗ್ಗೆ ನೆಂಟರು ಇಳಿಯುವ ಮೊದಲೇ ಕುಬ್ರಾ ಹೋಗಿ ನೋಡಿದಳು. ಕೆಂಪು ಗಾರೆಯ ಮೇಲೆ ರಂಗೋಲಿ ಪುಡಿ ಬೆಳ್ಳಗೆ, ಉದುರುದುರಾಗಿ ಹಾಗೇ ಇತ್ತು. ಬೆರಳಲ್ಲಿ ಮುಟ್ಟಿ ಮೂಸಿಯೂ ನೋಡಿದಳು, ಯಾಕೆಂದು ಅವಳಿಗೇ ತಿಳಿಯದು.

ಊಟದ ಹೊತ್ತಿಗೆ ಹಜಾರದಲ್ಲಿ ಯಾರೋ ನಲ್ಲಿ ಕೆಲಸ ಹೊಗಳಿದ್ದು ಕೇಳಿಸಿತು. ಆಮೇಲೆ ಗಂಡನ ದನಿ: "ನಾರು ನಮ್ಮನೇದು."

ಮನೆಗೆ ಬಂದವಳೇ ಕುಬ್ರಾ ಒಬ್ಬಟ್ಟಿನ ತುಪ್ಪದ ಕೈ ತೊಳೆದುಕೊಂಡಳು. ಗಂಡನ ಸಾಮಾನಿನ ಚೀಲದ ತಳದಲ್ಲಿ ಬಿದ್ದಿದ್ದ ಟೇಪಿನ ಖಾಲಿ ರೀಲನ್ನು ಹುಡುಕಿ ತೆಗೆದಳು. ಬಾಚಿದ ನಾರಿನ ಉದ್ದನೆಯ ಎಳೆಗಳನ್ನು ಅದಕ್ಕೆ ಒತ್ತಾಗಿ ಸುತ್ತಿ, ತುದಿ ಸಿಕ್ಕಿಸಿ, ಮತ್ತೆ ಚೀಲದೊಳಗಿಟ್ಟಳು.