ಹಸಿಮಣ್ಣಿನ ಕಣಜ

“ಲೇ, ಬಸವನಹುಳ ತಿನ್ನೋ ಮುಂಡೇವಾ! ನುಂಗಕ್ಕೆ ಬರ್ತದೆ, ಎತ್ತಕ್ಕೆ ಬರಲ್ವಾ?”

ಧಣಿ ಹೋಮನಾಥ ನಮ್ಮ ಅಂಗಳದಲ್ಲಿ ನಿಂತು ತನ್ನ ಆಳುಗಳನ್ನು ಬೈಯುತ್ತಿದ್ದ. ಆಳುಗಳೂ ನಮ್ಮವರೇ, ಥಾರು ಬುಡಕಟ್ಟಿನವರು. ಅತ್ತಿಗೆ ಅಸರಾನಿಯ ಡೆಹರಿ, ಭತ್ತ ತುಂಬುವ ಮಣ್ಣಿನ ಕಣಜ, ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮದುವೆಯಾಗಿ ಬಂದ ವರ್ಷ ಗೇರುವಾ ಹೊಳೆಯ ಜೇಡಿಗೆ ಹೊಟ್ಟು ಕಲಸಿ, ನಮ್ಮವ್ವನ ಜೊತೆ ಕೂತು ಅವಳು ಕಟ್ಟಿದ್ದು. ಮೈತುಂಬ ನವಿಲು, ಮೀನು. ಒಳಗೇ ಹುಟ್ಟಿ ಒಳಗೇ ಬೆಳೆದದ್ದು ಬಾಗಿಲಲ್ಲಿ ಹಿಡಿಸೀತು ಹೇಗೆ?

ಕಾಡಂಚಿನ ಅವನ ಲಾಡ್ಜಿಗೆ ಅದು ಬೇಕಂತೆ. ಹುಲಿ ನೋಡಲು ಬಂದವರಿಗೆ ಥಾರುಗಳನ್ನೂ ತೋರಿಸಬೇಕಂತೆ.

“ಗೋಡೆ ಒಡೀರಿ!”

ಅತ್ತಿಗೆ ಕೈಮುಗಿದಳು. “ಒಳಗೆ ಬಿತ್ತನೆ ಭತ್ತ ಐತೆ ಧಣಿ. ಗೋಡೆ ಹೋದ್ರೆ ಸೂರು ಕುಸೀತದೆ. ನಿಮ್ಮಲ್ಲೇ ಬಂದು ಹೊಸದು ಕಟ್ಕೊಡ್ತೀನಿ.”

“ಹೊಸದು ಯಾವನಿಗೆ ಬೇಕೇ? ಜಾಗ ನಂದು, ಗೋಡೆ ನಂದು. ಬಾಯಿ ಮಾಡಿದ್ರೆ ನೀನೂ ಬೀದಿಗೆ.”

ಭತ್ತವನ್ನು ಅಂಗಳಕ್ಕೆ ಸುರಿದರು. ಕೋಳಿಗಳಿಗೆ ಹಬ್ಬ. ಗೋಡೆ ಬಿತ್ತು, ಒಂದು ಮೂಲೆಯ ಸೂರು ಜೋತಾಡಿತು. ನಾನು ಕಂಬದ ಹಾಗೆ ನಿಂತಿದ್ದೆ. ಊರೂ ಹಾಗೇ ನಿಂತಿತ್ತು.

ಕಣಜ ಹೊರಬಂತು. ಅದನ್ನು ಹೇರಲು ಧಣಿಯ ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿದ್ದಾಗ ಅತ್ತಿಗೆ ಕೈಪಂಪಿನಿಂದ ಕೊಡ ತುಂಬಿಸಿ ತಂದಳು.

“ಏನೇ ಅದು?”

“ಧಣಿ ಮನೆಗೆ ಹೋಗ್ತೈತಲ್ಲ, ಮೈ ತೊಳೆದು ಕಳಿಸ್ತೀನಿ.”

ಕೊಡವನ್ನು ಕಣಜದ ಬಾಯಿಗೇ ಬೋರಲು ಹಾಕಿದಳು. ಸುಡದ ಹಸಿಮಣ್ಣು ಅದು.

“ಹಿಡೀರೋ ಆ ಸೂಳೇನ!”

ಆಳುಗಳು ಅಲುಗಲಿಲ್ಲ. ಅವರಲ್ಲಿ ಹಿರಿಯ ಲೌಟನ್ ಹಾರೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನೊಂದು ಕೊಡ ತಂದೆ. ಪಕ್ಕದ ಮನೆಯ ಫುಲ್‌ಪತಿಯಾ ತಂದಳು. ಆಮೇಲೆ ಯಾರು ಯಾರು ತಂದರೋ! ನವಿಲಿನ ಕತ್ತು ಇಳಿಯಿತು, ಮೀನು ಕರಗಿತು, ಕಣಜ ಕೂತಲ್ಲೇ ಕುಸಿಯಿತು. ಧಣಿ ಅತ್ತಿಗೆಯ ಜುಟ್ಟು ಹಿಡಿಯಲು ಬಂದವನು ಜಾರಿ ಕೆಸರಲ್ಲಿ ಕೂತ.

“ನಾಳೆ ಪೊಲೀಸ್ ಕರ್ಕೊಂಡ್ ಬಂದು ಮನೇನೇ ನೆಲಸಮ ಮಾಡಿಸ್ತೀನಿ, ನೋಡ್ತಿರಿ!”

ಟ್ರ್ಯಾಕ್ಟರ್ ಖಾಲಿ ಹೋಯಿತು. ಅತ್ತಿಗೆ ಸೆರಗು ಬಿಗಿದು, ಹಚ್ಚೆಯ ಕಾಲಲ್ಲಿ ಆ ಕೆಸರನ್ನೇ ತುಳಿದಳು. ಹದಕ್ಕೆ ಬಂದಮೇಲೆ ಮುದ್ದೆ ಎತ್ತಿ ಒಡೆದ ಗೋಡೆಗೆ ಮೆತ್ತತೊಡಗಿದಳು.

“ನಾಳೆ ಮತ್ತೆ ಒಡೀತಾನೆ ಅತ್ತಿಗೆ,” ಎಂದೆ.

ಅವಳು ಇನ್ನೊಂದು ಮುದ್ದೆ ಎತ್ತಿದಳು.

“ಮೊದ್ಲು ಕೋಳಿ ಓಡ್ಸೇ. ಬಿತ್ತನೆ ತಿಂತಾವೆ.”